ಜೇನುಬಣ್ಣದ ಬಟ್ಟಲು

ಅಜ್ಜಿ ಆ ಬೆಳಿಗ್ಗೆ ಮನೆ ಬಿಟ್ಟದ್ದು ಕೊಡೆಯ ಹಿಡಿ ಸರಿಮಾಡಿಸಿಕೊಂಡು ಬರುತ್ತೇನೆಂದು. ವಾಪಸು ಬಂದದ್ದು ಬಾಡಿಗೆ ಗಾಡಿಯಲ್ಲಿ, ತೊಡೆಯ ಮೇಲೊಂದು ರಟ್ಟಿನ ಪೆಟ್ಟಿಗೆ ಇಟ್ಟುಕೊಂಡು, ಕೊಡೆಯನ್ನು ಎಲ್ಲಿ ಬಿಟ್ಟೆನೆಂಬುದೇ ನೆನಪಿಲ್ಲದೆ. ದಾರಿಯುದ್ದಕ್ಕೂ ಗಾಡಿಯವನಿಗೆ "ಹಳ್ಳ ನೋಡ್ಕೊಂಡು ಹೋಗಪ್ಪಾ" ಎಂದು ಎಷ್ಟು ಸಲ ಹೇಳಿದ್ದಳೆಂದರೆ, ಇಳಿಯುವಾಗ ಅವನೇ ಕೇಳಿದ. "ಒಳಗೇನು ಮೊಟ್ಟೆ ಇದ್ಯಾ ಅಜ್ಜಿ, ಮರಿ ಇದ್ಯಾ?"

"ಎರಡೂ ಅಲ್ಲ. ಮೆಟ್ಟಿಲ ತನಕ ತಂದ್ಕೊಡು, ಪುಣ್ಯ ಬರುತ್ತೆ."

ಊಟದ ಮೇಜಿನ ಮೇಲೆ ಹಳೆ ಪೇಪರು ಸುತ್ತಿದ್ದನ್ನು ಒಂದೊಂದಾಗಿ ಬಿಚ್ಚುವಾಗ ಮನೆಯ ಮೂವರೂ ಕೆಲಸ ಬಿಟ್ಟು ಬಂದು ನಿಂತರು. ಗಾಜಿನ ಒಂದು ದೊಡ್ಡ ಬಟ್ಟಲು, ಅದರ ಮರಿಗಳ ಹಾಗೆ ಆರು ಪುಟ್ಟ ಬಟ್ಟಲು. ದಪ್ಪ ಗಾಜು, ಜೇನಿನ ಬಣ್ಣ, ಹೊರಮೈ ತುಂಬ ಎಲೆ-ಬಳ್ಳಿಯ ಉಬ್ಬು ಚಿತ್ತಾರ. ಜೊತೆಗೆ ಕೆಂಪು ಹೂವು ಬರೆದ ಒಂದು ಹೂಜಿ. ಯಾರದೋ ಮನೆಯ ಎಷ್ಟೋ ವರ್ಷದ ಅಡುಗೆಯ ಜಿಡ್ಡು, ಧೂಳು ಎಲ್ಲ ಚಿತ್ತಾರದ ಸಂದಿಯಲ್ಲಿ ಹಾಗೇ ಕೂತಿತ್ತು. ಆದರೂ ಕಿಟಕಿಯ ಬಿಸಿಲು ಬಿದ್ದದ್ದೇ ತಡ, ಮೇಜಿನ ಬಟ್ಟೆಯ ಮೇಲೆ ಹಳದಿ ಬೆಳಕು ಹರಡಿತು.

"ನಾನು ಶರ್ಟ್ ಫ್ಯಾಕ್ಟರಿಗೆ ಸೇರಿದ ಹೊಸದ್ರಲ್ಲಿ ದಾರೀಲಿ ಒಂದು ದೊಡ್ಡ ಅಂಗಡಿ ಇತ್ತು. ಅದರ ಗಾಜಿನ ಹಿಂದೆ ಥೇಟ್ ಇದೇ ಸೆಟ್ಟು. ದಿನಾ ಹೋಗ್ತಾ ಬರ್ತಾ ನೋಡ್ಕೊಂಡು ಹೋಗ್ತಿದ್ದೆ," ಅಂದಳು ಅಜ್ಜಿ. ದೊಡ್ಡ ಬಟ್ಟಲನ್ನು ಬಿಸಿಲಿಗೆ ತಿರುಗಿಸಿದಳು. "ಇವತ್ತು ಹಳೇ ಸಾಮಾನಿನ ಬೀದೀಲಿ, ಒಂದು ಮುರುಕು ಫ್ಯಾನಿನ ಕೆಳಗೆ ಕಾಣಿಸ್ತು. ನನಗೇ ಕಾಯ್ಕೊಂಡು ಕೂತಿರೋ ಹಾಗೆ."

"ಚೌಕಾಸಿ ಮಾಡಿದ್ಯಾ, ಇಲ್ಲಾ ಕಣ್ಣೀರು ಹಾಕಿ ಕೊಂಡ್ಕೊಂಡ್ಯಾ?" ಅಂದ ಮಗ. ಅವನು ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಮೇಲಿನ ಅಂತಸ್ತಿಗೂ ಕೆಳಗಿನ ಅಂತಸ್ತಿಗೂ ನಡುವೆ ಸಿಕ್ಕಿಕೊಂಡವರನ್ನು ಬಿಡಿಸುವ ಮನುಷ್ಯ, ಮನೆಗೆ ಬಂದರೆ ಅಮ್ಮನಿಗೂ ಹೆಂಡತಿಗೂ ನಡುವೆ ತಾನೇ ಸಿಕ್ಕಿಕೊಳ್ಳುತ್ತಿದ್ದ.

ಮೊಮ್ಮಗಳು ದೊಡ್ಡ ಬಟ್ಟಲಿನ ಹತ್ತಿರ ಮುಖ ತಂದಳು, ಆದರೆ ಮುಟ್ಟಲಿಲ್ಲ. ಹತ್ತು ವರ್ಷದ ಹುಡುಗಿ. ಅವಳಿಗೆ ಕಡಲೆಕಾಯಿ ಆಗದು. ಒಂದು ಚೂರು ಹೊಟ್ಟೆಗೆ ಹೋದರೂ ತುಟಿ ಊದಿ, ಉಸಿರು ಕಟ್ಟಿ, ಆಸ್ಪತ್ರೆಗೆ ಓಡಬೇಕು. ಬಾಗಿಲ ಪಕ್ಕದ ಮೊಳೆಯಲ್ಲಿ ಅವಳ ಇಂಜೆಕ್ಷನ್ನಿನ ಕೆಂಪು ಚೀಲ ಯಾವಾಗಲೂ ನೇತಾಡುತ್ತಿತ್ತು. ಯಾರು ಏನು ತಿನ್ನಲು ಕೊಟ್ಟರೂ ಅವಳು ಮೂರು ಪ್ರಶ್ನೆ ಕೇಳುತ್ತಿದ್ದಳು. ಇದರಲ್ಲಿ ಏನೇನಿದೆ, ಇದಕ್ಕೆ ಏನೇನು ತಾಗಿದೆ, ಯಾವುದರಲ್ಲಿ ತೊಳೆದದ್ದು. ಅದಕ್ಕೇ ಅಜ್ಜಿ ಅವಳನ್ನು ಇನ್ಸ್‌ಪೆಕ್ಟರ್ ಅನ್ನುತ್ತಿದ್ದಳು. ಪ್ರೀತಿಯಿಂದಲೇ ಅನ್ನುತ್ತಿದ್ದಳು, ಆದರೆ ಆ ಪ್ರಶ್ನೆ ತನಗೇ ಬಂದಾಗ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

"ಅಮ್ಮಾ, ನನ್ನ ಫ್ರೆಂಡ್ಸ್ ಊಟಕ್ಕೆ ಬರೋ ದಿನ ಕಸ್ಟರ್ಡ್ ಇದ್ರಲ್ಲಿ ಕೊಡೋಣ?" ಅಂದಳು ಇನ್ಸ್‌ಪೆಕ್ಟರ್.

ಎಲ್ಲರೂ ಸೊಸೆಯ ಮುಖ ನೋಡಿದರು.

ಆ ಊಟ ಮನೆಯಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ. ಹುಡುಗಿ ಈ ತನಕ ಯಾರ ಮನೆಗೆ ಹೋದರೂ ತನ್ನ ಡಬ್ಬಿಯನ್ನೇ ಒಯ್ದು, ಮೂಲೆಯಲ್ಲಿ ಕೂತು, ತನ್ನದನ್ನೇ ತಿಂದು ಬರುತ್ತಿದ್ದಳು. ಮನೆಯಲ್ಲೂ ಅವಳ ತಟ್ಟೆ, ಲೋಟ, ಚಮಚ ಕೆಂಪು ಟೇಪು ಸುತ್ತಿಸಿಕೊಂಡು ಬೇರೆ ಶೆಲ್ಫಿನಲ್ಲಿದ್ದವು. ಈಗ ಮೊದಲ ಸಲ ನಾಲ್ವರು ಗೆಳತಿಯರು ಅವಳ ಮನೆಗೆ ಬರುವವರಿದ್ದರು. ಅವಳು ತಿನ್ನುವುದನ್ನೇ ಅವರೂ ತಿನ್ನಬೇಕು, ಒಂದೇ ಪಾತ್ರೆಯಿಂದ. ಅದೇ ಅವಳ ಆಸೆ.

"ಯಾರ ಮನೇದೋ ಏನೋ," ಅಂದಳು ಸೊಸೆ. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸದವಳು. ಮಾತು ಕಮ್ಮಿ, ಆಡಿದ್ದು ಅಳತೆ ಹಿಡಿದ ಹಾಗೆ. "ಅವರು ಅದ್ರಲ್ಲಿ ಏನೇನು ಹಾಕಿದ್ರೋ ಗೊತ್ತಾ ಅತ್ತೆ? ಈ ಸಂದೀಲಿ ಕೂತಿರೋ ಜಿಡ್ಡು ಏನು ಎಣ್ಣೇದು, ಯಾರಿಗೆ ಗೊತ್ತು?"

"ತೊಳೆದ್ರೆ ಹೋಗುತ್ತಮ್ಮಾ. ಗಾಜು ತಾನೇ."

"ಹೋದ್ರೆ ಸರಿ. ಹೋಗದಿದ್ರೆ?"

ಎರಡು ವರ್ಷದ ಕೆಳಗೆ ಅಜ್ಜಿಯೇ ಮೊಮ್ಮಗಳಿಗೆ ಒಂದು ಬಿಸ್ಕತ್ತು ಕೊಟ್ಟಿದ್ದಳು. ಪೊಟ್ಟಣದ ಮೇಲಿನ ಇರುವೆಯಷ್ಟು ಅಕ್ಷರ ಓದಿರಲಿಲ್ಲ. ಅದರಲ್ಲಿ ಕಡಲೆಕಾಯಿ ಇತ್ತು, ಆಸ್ಪತ್ರೆಗೆ ಓಡಿದ್ದಕ್ಕೆ ಹುಡುಗಿ ಉಳಿದಳು. ಸೊಸೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು, ಜಗಳವಾಡಿ ಮುಗಿಸಬಹುದಿತ್ತು. ಅಂದಿನಿಂದ ಮಗುವಿನ ತಟ್ಟೆಗೆ ಬಡಿಸುವವಳು ಸೊಸೆಯೊಬ್ಬಳೇ. ಅಜ್ಜಿ ಸೌಟು ಹಿಡಿದರೆ ಸಾಕು, "ಕೊಡಿ ಅತ್ತೆ, ನಾನು ಹಾಕ್ತೀನಿ" ಎಂದು ಮೆತ್ತಗೆ ಕಸಿದುಕೊಳ್ಳುತ್ತಿದ್ದಳು. ಆ ಮೆತ್ತಗಿನ ಕೈಯೇ ಅಜ್ಜಿಯ ಎದೆಗೆ ಚುಚ್ಚುತ್ತಿತ್ತು.

ಮಾರನೆಯ ದಿನ ಸೊಸೆಯೇ ಹುಡುಗಿಯ ಡಾಕ್ಟರಿಗೆ ಫೋನು ಮಾಡಿದಳು. ಎಲ್ಲರಿಗೂ ಕೇಳುವ ಹಾಗೆ ಫೋನನ್ನು ಮೇಜಿನ ಮೇಲೆ ಇಟ್ಟಳು.

"ಗಾಜು ಏನನ್ನೂ ಹೀರಿಕೊಳ್ಳಲ್ಲ, ಅದು ಒಳ್ಳೇದು," ಅಂದರು ಡಾಕ್ಟರು. "ಬಿರುಕು, ಚಕ್ಕೆ ಎದ್ದದ್ದು ಬೇಡ, ಅದರೊಳಗೆ ಕೊಳೆ ಕೂರುತ್ತೆ. ಉಳಿದದ್ದನ್ನ ಬಿಸಿನೀರು, ಸೋಪು, ಬ್ರಶ್ಶು ಹಾಕಿ ಸಂದಿ ಸಂದಿ ತೊಳೀರಿ. ಬರೀ ನೀರಿಗೆ ಹೋಗಲ್ಲ. ಬರೀ ಬಟ್ಟೇಲಿ ಒರೆಸಿದ್ರೆ ಅದು ಹೋಗೋದಲ್ಲ, ಹರಡೋದು. ಸೋಪು ಬಿದ್ದ ಮೇಲೇ ಲೆಕ್ಕ."

"ಮೇಲೆ ಬಣ್ಣದ ಹೂವು ಬರೆದಿರೋದು ಒಂದಿದೆ," ಅಂದಳು ಸೊಸೆ.

"ಹಳೇ ಬಣ್ಣದಲ್ಲಿ ಸೀಸ ಇರಬಹುದು. ಅದನ್ನ ತಿನ್ನೋ ಕುಡಿಯೋದಕ್ಕೆ ಬಳಸಬೇಡಿ."

ಹೂಜಿಗೆ ಅಲ್ಲಿಗೆ ಮಂಗಳ ಹಾಡಿದ ಹಾಗಾಯಿತು. ಅಜ್ಜಿ ಅದನ್ನು ಎತ್ತಿ ಎದೆಗೊತ್ತಿಕೊಂಡಳು. "ಇಷ್ಟು ಚೆಂದದ ಹೂಜಿ. ಇದ್ರಲ್ಲಿ ನೀರು ಕುಡಿದೋರೆಲ್ಲ ಸತ್ತುಹೋದ್ರಾ?"

"ಯಾರು ಕುಡಿದ್ರೋ ಅವರನ್ನ ಹುಡುಕಿ ಕೇಳ್ಕೊಂಡು ಬನ್ನಿ," ಅಂದಳು ಸೊಸೆ.

"ಅಮ್ಮಾ, ಹೂ ಇಡೋಣ ಅದ್ರಲ್ಲಿ. ಹೂವಿಗೆ ಸೀಸ ಏನೂ ಮಾಡಲ್ಲ," ಅಂದ ಮಗ, ಎರಡು ಅಂತಸ್ತಿನ ನಡುವೆ ನಿಂತು.

ಹೂಜಿ ಕಿಟಕಿಯ ಕಟ್ಟೆಗೆ ಹೋಯಿತು. ಮೂತಿ ಉಬ್ಬಿಸಿಕೊಂಡ ಅಜ್ಜಿ ಸಂಜೆಯ ತನಕ ಸೊಸೆಯ ಜೊತೆ ಮಾತು ಬಿಟ್ಟಳು. ಸಂಜೆ ತಾನಾಗಿಯೇ ಹಲ್ಲುಜ್ಜುವ ಹೊಸ ಬ್ರಶ್ಶು, ಹೊಸ ಸ್ಪಾಂಜು ಕೊಂಡು ತಂದು ಮೇಜಿನ ಮೇಲೆ ಕುಕ್ಕಿದಳು.

"ನೋಡಮ್ಮಾ, ನೇರವಾಗಿ ಹೇಳ್ತೀನಿ. ಇವನ್ನ ನೀನು ಒಪ್ಪೋ ಹಾಗೆ ತೊಳೆದುಕೊಟ್ರೆ, ಆವತ್ತು ಇವಳಿಗೆ ಬಡಿಸೋದು ನಾನು."

ಸೊಸೆ ಸ್ಪಾಂಜಿನ ಪ್ಲಾಸ್ಟಿಕ್ ಕಿತ್ತಳು. ಆಮೇಲೆ "ನೋಡೋಣ ಅತ್ತೆ" ಅಂದಳು.

ಆ 'ನೋಡೋಣ'ವನ್ನು ಸೆರಗಿಗೆ ಗಂಟು ಹಾಕಿಕೊಂಡು ಅಜ್ಜಿ ಕೆಲಸಕ್ಕೆ ಇಳಿದಳು. ಫ್ಯಾಕ್ಟರಿಯಲ್ಲಿ ಆಯುಸ್ಸೆಲ್ಲ ಕಾಲರ್ ಹೊಲಿದ ಕೈ. ಒಂದು ನೂಲು ಹೆಚ್ಚುಕಮ್ಮಿಯಾದರೆ ಬೆರಳ ತುದಿಗೇ ತಿಳಿಯುತ್ತಿತ್ತು. ಬಟ್ಟಲಿನ ಅಂಚಿನ ಮೇಲೆ ಉಗುರು ಸವರಿಕೊಂಡು ಬಂದಾಗ ಒಂದು ಪುಟ್ಟ ಬಟ್ಟಲಲ್ಲಿ ಉಗುರು ತಡೆಯಿತು. ಕಣ್ಣಿಗೆ ಕಾಣದಷ್ಟು ಚಕ್ಕೆ. ಅದನ್ನು ತಾನೇ ಪಕ್ಕಕ್ಕಿಟ್ಟಳು. ಆಮೇಲೆ ಅಂಗಿಯ ಗುಂಡಿಗಳನ್ನು ಹಾಕಿಡಲು ಬಳಸಿದಳು. ಉಳಿದದ್ದು ಐದು. ಇನ್ಸ್‌ಪೆಕ್ಟರು ಮತ್ತು ನಾಲ್ವರು ಅತಿಥಿಗಳು, ಸರಿಹೋಯಿತು.

ಸಂಜೆ ಸಂಜೆ ಅಡುಗೆಮನೆ ಒಂದು ಕಾರ್ಖಾನೆಯೇ ಆಯಿತು. ಉಗುರುಬೆಚ್ಚಗಿನ ಸೋಪುನೀರಲ್ಲಿ ಬಟ್ಟಲು ನೆನೆಹಾಕುವುದು, ಅಡುಗೆಸೋಡವನ್ನು ನೀರಲ್ಲಿ ಕಲಸಿ ಚಿತ್ತಾರಕ್ಕೆ ಮೆತ್ತುವುದು, ಎಲೆ ಎಲೆಯ ನರಕ್ಕೂ ಬ್ರಶ್ಶು ಹಾಯಿಸುವುದು. ಮಗ ಒಮ್ಮೆ ಉತ್ಸಾಹಕ್ಕೆ ಕುದಿಯುವ ಕೆಟಲು ಎತ್ತಿಕೊಂಡು ಬಂದಾಗ ಅತ್ತೆ-ಸೊಸೆ ಇಬ್ಬರೂ ಒಟ್ಟಿಗೆ ಅವನ ಕೈ ಹಿಡಿದರು.

"ತಣ್ಣಗಿರೋ ಗಾಜಿಗೆ ಕುದಿನೀರು ಹೊಯ್ದ್ರೆ ಟಪ್ ಅಂತ ಸೀಳುತ್ತೆ ಕಣೋ, ದಡ್ಡ," ಅಂದಳು ಅಜ್ಜಿ.

"ಮೊದಲು ಬೆಚ್ಚಗೆ, ಆಮೇಲೆ ಬಿಸಿ," ಅಂದಳು ಸೊಸೆ.

"ಇವರಿಬ್ರೂ ಒಂದೇ ಮಾತು ಹೇಳಿದ್ದನ್ನ ನಾನು ಈ ಮನೇಲಿ ಮೊದಲ ಸಲ ಕೇಳ್ತಿರೋದು," ಅಂದ ಮಗ.

ಬಿಳೀ ಕಲೆ ವಿನೆಗರ್‌ಗೆ ಹೋಯಿತು. ಜಿಡ್ಡು ಸೋಡಕ್ಕೆ ಹೋಯಿತು. ಸೊಸೆ ಅಂಗಡಿಯಲ್ಲಿ ಮಾಡುವ ಹಾಗೆ ಒಂದೊಂದನ್ನೂ ದೀಪಕ್ಕೆ ಹಿಡಿದು, ಓರೆಮಾಡಿ, ಹಾ ಎಂದು ಉಸಿರು ಬಿಟ್ಟು ನೋಡಿದಳು. ಆವಿ ಎಲ್ಲ ಕಡೆ ಒಂದೇ ಸಮ ಕೂತು ಒಂದೇ ಸಮ ಆರಿತು. "ಚೆನ್ನಾಗಾಗಿದೆ ಅತ್ತೆ," ಅಂದಳು. ಮೊಮ್ಮಗಳು ಕುಣಿದಾಡಿ ಅಪ್ಪನ ಬೆನ್ನೇರಿದಳು. ಅಜ್ಜಿಗೆ ಆ ರಾತ್ರಿಯ ಊಟ ಸೇರಲಿಲ್ಲ, ಸಂತೋಷಕ್ಕೆ.

ಉಳಿದದ್ದು ಒಂದೇ. ಪ್ರತಿ ಬಟ್ಟಲ ತಳದಲ್ಲಿ ಅಂಗಡಿಯವನು ಬೆಲೆಯ ಚೀಟಿ ಅಂಟಿಸಿದ್ದ. ಚೀಟಿ ಕಿತ್ತುಬಂದಿತ್ತು, ಅಂಟು ಬಂದಿರಲಿಲ್ಲ.

"ತಳದಲ್ಲಿ ತಾನೇ. ಬಿಡಿ ಅತ್ತೆ, ಯಾರು ನೋಡ್ತಾರೆ," ಅಂದಳು ಸೊಸೆ.

ಕಾಲರಿನ ಒಳಮಗ್ಗುಲಿನ ನೂಲನ್ನೂ ಕತ್ತರಿಸದೆ ಬಿಡದವಳಿಗೆ ಹೇಳುವ ಮಾತೇ ಅದು?

ಊಟದ ದಿನ ಬಂತು. ಬೆಳಿಗ್ಗೆಯಿಂದಲೇ ಮನೆ ತುದಿಗಾಲ ಮೇಲೆ ನಿಂತಿತ್ತು. ಮಗ ಕುರ್ಚಿ ಸಾಲದೆಂದು ಪಕ್ಕದ ಮನೆಯಿಂದ ಹೊತ್ತು ತರುತ್ತಿದ್ದ. ಸೊಸೆ ರಜೆ ಹಾಕಿ ಹಣ್ಣು ಹೆಚ್ಚುತ್ತಿದ್ದಳು. ಒಲೆಯ ಮೇಲೆ ಕಸ್ಟರ್ಡ್ ಆರುತ್ತಿತ್ತು. ಮೊಮ್ಮಗಳು ಹಾಕಿದ ಫ್ರಾಕನ್ನು ಬಿಚ್ಚಿ ಇನ್ನೊಂದು ಹಾಕಿ, ಮತ್ತೆ ಮೊದಲಿನದನ್ನೇ ಹಾಕುತ್ತಿದ್ದಳು. ಅಜ್ಜಿ ತನ್ನ ಪಾಲಿಗೆ ಬಂದ ಬಟ್ಟಲುಗಳ ಜೊತೆ ಹಿತ್ತಲ ಕಡೆಯ ಸಿಂಕಿನ ಬಳಿ ನಿಂತಿದ್ದಳು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಅವಳ ಹಾಡು ಕೇಳಿಸಿತು. ಬಟ್ಟಲುಗಳು ಮೇಜಿಗೆ ಬಂದಾಗ ಅಂಟಿಲ್ಲ, ಕಲೆಯಿಲ್ಲ, ಹಿಂದೆಂದೂ ಇಲ್ಲದ ಹೊಳಪು.

"ಅಜ್ಜಿ, ಅಂಟು ಹೇಗೆ ಹೋಯ್ತು?" ಅಂದಳು ಮೊಮ್ಮಗಳು, ಕೂದಲು ಬಾಚಿಕೊಳ್ಳುತ್ತ. "ನಿನ್ನೆ ಜಪ್ಪಯ್ಯ ಅಂದ್ರೂ ಹೋಗ್ತಿರಲಿಲ್ಲ."

"ಅದು ನನ್ನ ವಿದ್ಯೆ. ಬಟ್ಟೆಗೆ ಒಂದ್ಚೂರು ಎಣ್ಣೆ ಹಚ್ಚಿ ಉಜ್ಜಿದೆ, ಬೆಣ್ಣೆ ಹಾಗೆ ಬಂತು. ಹೊಳಪು ನೋಡಿ ಆಸೆ ಆಯ್ತು. ಹಾಗೇ ಎಲ್ಲಾದಕ್ಕೂ ಒಂದು ಕೈ ಸವರಿ ಬಿಸಿನೀರಲ್ಲಿ ಜಾಲಿಸಿದೆ."

"ಯಾವ ಎಣ್ಣೆ?"

ಅದೇ ಪ್ರಶ್ನೆ. ಅಜ್ಜಿಗೆ ಉರಿಯಿತು. "ಮನೇ ಎಣ್ಣೆ ಮುಟ್ಟಿಲ್ಲ ಕಣೇ. ಹಳೇ ಪಾತ್ರೆ ಉಜ್ಜಿದ ಕೈ ನಿನ್ನ ಎಣ್ಣೆ ಡಬ್ಬಿಗೆ ತಾಗಬಾರದು ಅಂತ ಮೇಲಿನ ಮನೆ ಟೀಚರ್ ಹತ್ರ ಒಂದ್ಚೂರು ಇಸ್ಕೊಂಡು ಬಂದೆ. ಅಷ್ಟು ಜೋಪಾನ ಮಾಡಿದೀನಿ ನಾನು."

"ಅವರ ಮನೇಲಿ ಯಾವ ಎಣ್ಣೆ ಅಜ್ಜಿ?"

ಹುಡುಗಿಯ ದನಿಯಲ್ಲಿ ಜೋರಿರಲಿಲ್ಲ. ದಿನವೂ ಕೇಳುವ ಹಾಗೆ ಕೇಳಿದ್ದಳು. ಟೀಚರು ಕೊಟ್ಟದ್ದು ಚೀಟಿಯಿಲ್ಲದ ಸೀಸೆಯಿಂದ. ಮೂಸಿ ನೋಡೋಣವೆಂದರೆ ಫ್ಯಾಕ್ಟರಿಯ ಹತ್ತಿಧೂಳಿಗೆ ಅಜ್ಜಿಯ ಮೂಗು ಎಂದೋ ಕೈಕೊಟ್ಟಿತ್ತು.

"ಕೇಳ್ಕೊಂಡು ಬರ್ತೀನಿ, ಇರು. ಏನನ್ನೂ ಮುಟ್ಟಬೇಡ," ಅಂದವಳೇ ಮೆಟ್ಟಿಲು ಹತ್ತಿದಳು.

ಟೀಚರು ಬಾಗಿಲಲ್ಲೇ ಸಿಕ್ಕರು. "ಕಡಲೆಕಾಯಿ ಎಣ್ಣೆ ಅಜ್ಜಿ, ಗಾಣದ್ದು. ನಮ್ಮ ತಮ್ಮ ತಂದ್ಕೊಟ್ಟ. ಘಮಘಮ ಅನ್ನಲ್ವಾ? ಇನ್ನೊಂದಿಷ್ಟು ಕೊಡ್ಲಾ?"

ಮೆಟ್ಟಿಲ ತಿರುವಿನಲ್ಲಿ ಅಜ್ಜಿ ಕಂಬಿ ಹಿಡಿದು ನಿಂತಳು. ಅವಳು ಕೆಟ್ಟವಳಲ್ಲ, ಆದರೆ ಮನುಷ್ಯಳು. ಅಲ್ಲಿ ನಿಂತು ಅವಳು ಯೋಚಿಸಿದ್ದು ಇಷ್ಟು. ಸದ್ದಿಲ್ಲದೆ ಬಟ್ಟಲು ಎತ್ತಿಕೊಂಡು ಹೋಗಿ ಇನ್ನೊಮ್ಮೆ ಸೋಪು ಹಾಕಿ ತೊಳೆದುಬಿಟ್ಟರೆ ಮುಗಿಯಿತು. ಹುಡುಗಿಗೆ ಅಪಾಯವಿಲ್ಲ, ತನ್ನ ಮಾನ ತನಗೆ, ಸೌಟೂ ತನ್ನ ಕೈಗೆ. ಸೊಸೆಗೆ ಹೇಳಿದರೋ, ಇನ್ನು ಈ ಜನ್ಮದಲ್ಲಿ ಬಡಿಸಿದ ಹಾಗೆಯೇ.

ಆಮೇಲೆ ಆ ಬಟ್ಟೆ ನೆನಪಾಯಿತು. ಎಣ್ಣೆ ಹಚ್ಚಿದ ಬಟ್ಟೆಯನ್ನು ಅವಳು ಒಲೆಯ ಪಕ್ಕದ ಕೊಕ್ಕೆಗೆ ನೇತುಹಾಕಿದ್ದಳು. ಅಡುಗೆಮನೆಯಲ್ಲಿ ಎಲ್ಲರೂ ಕೈ ಒರೆಸುವುದು ಅಲ್ಲೇ. ಬೆಳಿಗ್ಗೆಯಿಂದ ಯಾರು ಒರೆಸಿದರು, ಒರೆಸಿದ ಕೈ ಯಾವ ಚಮಚ, ಯಾವ ಹಣ್ಣು, ಯಾವ ಹಿಡಿಕೆ ಮುಟ್ಟಿತು, ಅದು ಅವಳಿಗೆ ಗೊತ್ತಿರಲಿಲ್ಲ. ಒಬ್ಬಳೇ ಗುಟ್ಟಾಗಿ ತೊಳೆಯಬಹುದಾದದ್ದು ಬಟ್ಟಲು ಮಾತ್ರ, ಉಳಿದದ್ದಕ್ಕೆ ಎಲ್ಲರಿಗೂ ಹೇಳಲೇಬೇಕಿತ್ತು.

ಅಜ್ಜಿ ಓಡಿದಳು. ಆ ವಯಸ್ಸಿನಲ್ಲಿ ಮೆಟ್ಟಿಲು ಓಡಿ ಇಳಿದದ್ದನ್ನು ಯಾರಾದರೂ ನೋಡಿದ್ದರೆ ನಗುತ್ತಿದ್ದರು.

"ಯಾರೂ ಏನೂ ತಿನ್ನಬೇಡಿ," ಅಂದಳು ಬಾಗಿಲಲ್ಲೇ. "ಕಡಲೆಕಾಯಿ ಎಣ್ಣೆ. ನಾನೇ ಹಚ್ಚಿದ್ದು. ಎಲ್ಲಾ ಬಟ್ಟಲಿಗೂ ಹಚ್ಚಿದೀನಿ. ಸೋಪು ಹಾಕಿಲ್ಲ. ಆ ಕೊಕ್ಕೇಲಿರೋ ಬಟ್ಟೇಲಿ."

ಸೊಸೆಯ ಕೈಯಲ್ಲಿದ್ದ ಚಾಕು ನಿಂತಿತು. ಅವಳು ಕೊಕ್ಕೆ ನೋಡಿದಳು, ತನ್ನ ಕೈ ನೋಡಿಕೊಂಡಳು.

"ನಾನು ಒರೆಸ್ಕೊಂಡೆ. ಈಗ ತಾನೇ, ಹಣ್ಣು ಹೆಚ್ಚೋ ಮೊದಲು," ಅಂದಳು.

ಹುಡುಗಿ ಬಾಚಣಿಗೆ ಹಿಡಿದು ನಿಂತಿದ್ದಳು. ಈಗ ಸೊಸೆ ಬೈಯುತ್ತಾಳೆ, ಬೈಯಲಿ ಎಂದು ಅಜ್ಜಿ ತಲೆ ತಗ್ಗಿಸಿದಳು.

"ನೀನು ಏನಾದ್ರೂ ಬಾಯಿಗೆ ಹಾಕ್ಕೊಂಡ್ಯಾ?" ಸೊಸೆ ಮಗಳನ್ನು ಕೇಳಿದಳು.

"ಇಲ್ಲಮ್ಮಾ. ಏನೂ ಮುಟ್ಟಿಲ್ಲ."

ಸೊಸೆ ಚಾಕು ಕೆಳಗಿಟ್ಟಳು. "ಹಾಗಾದ್ರೆ ಹೋಗಿ ಬಾಲ್ಕನೀಲಿ ಕೂತ್ಕೋ. ಅತ್ತೆ, ಬೆಳಿಗ್ಗೆಯಿಂದ ಆ ಬಟ್ಟೆ ಎಲ್ಲೆಲ್ಲಿ ಹೋಯ್ತು, ನೆನಪು ಮಾಡ್ಕೊಂಡು ಒಂದೊಂದೇ ಹೇಳಿ. ಎಲ್ಲಾ ತೊಳೀಬೇಕು. ಮಕ್ಕಳು ಬರೋಕೆ ಇನ್ನು ಜಾಸ್ತಿ ಹೊತ್ತಿಲ್ಲ."

ಆಮೇಲೆ ಆ ಅಡುಗೆಮನೆಯಲ್ಲಿ ನಡೆದದ್ದನ್ನು ಯುದ್ಧ ಅನ್ನಬೇಕು. ಹೆಚ್ಚಿದ ಹಣ್ಣೆಲ್ಲ ಕಸದ ಡಬ್ಬಿಗೆ ಹೋಯಿತು. ಬಟ್ಟೆ, ಸ್ಪಾಂಜು, ಬ್ರಶ್ಶು ಚೀಲದಲ್ಲಿ ಕಟ್ಟಿಸಿಕೊಂಡು ಹೊರಗೆ ಹೋದವು. ಮೊದಲು ಎಲ್ಲರೂ ಮೊಣಕೈ ತನಕ ಸೋಪು ಹಾಕಿ ಕೈ ತೊಳೆದರು. ಮಗ ಹೊಸ ಸ್ಪಾಂಜಿಗೂ ಬ್ರಶ್ಶಿಗೂ ಹೊಸ ಹಣ್ಣಿಗೂ ಅಂಗಡಿಗೆ ಹಾರಿದ. ಕಸ್ಟರ್ಡಿನ ಮುಚ್ಚಳ ಆರಲು ಇಟ್ಟಾಗಿನಿಂದ ಯಾರೂ ತೆಗೆದಿರಲಿಲ್ಲ. ಸೊಸೆ ಅದನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಆ ಪಾತ್ರೆಯ ಹೊರಮೈ, ಹಿಡಿಕೆ, ಮುಚ್ಚಳದ ಗುಬುಟನ್ನೂ ಉಜ್ಜಿದರು.

"ಫ್ರಿಜ್ಜಿನ ಹಿಡಿ," ಅಂದಳು ಅಜ್ಜಿ. "ನಲ್ಲಿಯ ತಿರುಪು. ಮೇಜಿನ ಈ ಮೂಲೆ. ಬಾಗಿಲ ಚಿಲಕ, ಮೇಲೆ ಹೋಗುವಾಗ ಮುಟ್ಟಿದ್ದೆ."

"ಸೌಟು?"

"ಸೌಟೂ ಒರೆಸಿದ್ದೆ. ಹೊಳೀಲಿ ಅಂತ."

ಹೇಳುತ್ತ ಹೇಳುತ್ತ ಅಜ್ಜಿಗೆ ಒಂದು ಸಂಗತಿ ಹೊಳೆಯಿತು. ಏನೇನು ತಾಗಿದೆ ಎಂಬ ಪ್ರಶ್ನೆಗೆ ಅವಳು ಇಷ್ಟು ದಿನ ಉರಿದುಕೊಂಡಿದ್ದಳು. ಈಗ ಅದೇ ಪ್ರಶ್ನೆಯನ್ನು ಹಿಡಿದುಕೊಂಡು ಮನೆಯ ಮೂಲೆ ಮೂಲೆ ಹುಡುಕುತ್ತಿದ್ದಳು. ಹುಡುಗಿ ಆ ಒಂದು ಮಾತು ಕೇಳದೇ ಇದ್ದಿದ್ದರೆ ಎಂದು ನೆನೆಸಿಕೊಂಡು ಅವಳ ಕಣ್ಣು ತುಂಬಿತು. ಕೈ ಮಾತ್ರ ನಿಲ್ಲಲಿಲ್ಲ.

ದೊಡ್ಡ ಬಟ್ಟಲನ್ನು ಅವಳು ತೊಳೆದಳು, ಸೊಸೆ ನೀರು ಹೊಯ್ದಳು. ಉಗುರುಬೆಚ್ಚಗೆ, ಆಮೇಲೆ ಬಿಸಿ, ಸೋಪು, ಮತ್ತೆ ಸೋಪು. ಮೊದಲು ನೀರು ಗಾಜಿನ ಮೇಲೆ ಹನಿ ಹನಿಯಾಗಿ ಓಡುತ್ತಿತ್ತು. ಕೊನೆಗೆ ಹಾಳೆಯ ಹಾಗೆ ಒಂದೇ ಸಮ ಇಳಿಯಿತು. ಸೊಸೆ ದೀಪಕ್ಕೆ ಹಿಡಿದು ಉಸಿರು ಬಿಟ್ಟು ನೋಡಿ, ಇನ್ನೊಮ್ಮೆ ಸೋಪಿಗೇ ಇಳಿಸಿದಳು. "ನೋಡೋಕೆ ಚೆನ್ನಾಗಿದೆ. ಆದ್ರೂ ಇನ್ನೊಂದು ಸಲ," ಅಂದಳು. ಆ ಹಳೆಯ ಹೊಳಪು ಹೋಗಿತ್ತು. ಈಗ ಬರಿಯ ಗಾಜು, ಬರಿಯ ಜೇನುಬಣ್ಣ.

ಕರೆಗಂಟೆ ಹೊಡೆದಾಗ ಅತ್ತೆ-ಸೊಸೆ ಇಬ್ಬರ ಮುಂಗೈಯಿಂದಲೂ ನೊರೆ ಇಳಿಯುತ್ತಿತ್ತು. ಬಾಲ್ಕನಿಯಿಂದ ಹುಡುಗಿ ಬಂದು ಬಾಗಿಲು ತೆಗೆದಳು. "ಒಳಗೆ ಬನ್ನಿ. ಮೊದಲು ಎಲ್ಲರೂ ಸೋಪು ಹಾಕಿ ಕೈ ತೊಳೀಬೇಕು. ನಮ್ಮನೇಲೂ ಈಗ ತಾನೇ ಎಲ್ಲಾ ತೊಳೆದಾಯ್ತು."

ಮಕ್ಕಳು ಗಲಗಲ ಎನ್ನುತ್ತ ಸಾಲಾಗಿ ಕೂತರು. ಹಣ್ಣು ಬೆರೆಸಿದ ಕಸ್ಟರ್ಡು ದೊಡ್ಡ ಬಟ್ಟಲಿನಲ್ಲಿ ಅಂಚಿನ ತನಕ ಬಂತು. ಕಿಟಕಿಯ ಬಿಸಿಲು ಮೇಜಿನ ಮೇಲೆ ಹಳದಿಯಾಗಿ ಹರಡಿದ್ದನ್ನು ನೋಡಿ ಒಬ್ಬಳು ಅದನ್ನು ಮುಟ್ಟಲು ಹೋದಳು. ಅಜ್ಜಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಮುಂದೆ ಬರಲಿಲ್ಲ. ಸೌಟು ಸೊಸೆಯ ಕೈಯಲ್ಲಿತ್ತು. ಅದು ಅಲ್ಲೇ ಇರಲಿ, ತನಗೆ ಬೇಡ ಎಂದು ಅವಳ ಮನಸ್ಸು ಗಟ್ಟಿಯಾಗಿತ್ತು.

ಸೊಸೆ ಅವಳ ಹತ್ತಿರ ಬಂದು ಸೌಟು ಚಾಚಿದಳು.

"ಬೇಡಮ್ಮಾ," ಅಂದಳು ಅಜ್ಜಿ ಮೆಲ್ಲಗೆ. "ನನ್ನ ಕೈ ನೋಡಿದೆಯಲ್ಲ."

"ನೋಡಿದೆ ಅತ್ತೆ. ಓಡಿ ಬಂದು ಹೇಳಿದ್ದನ್ನೂ ನೋಡಿದೆ. ಹಿಡ್ಕೊಳ್ಳಿ."

ಅಜ್ಜಿ ಸೌಟು ಹಿಡಿದಳು. ಗೆಳತಿಯರಿಗೆಲ್ಲ ಬಡಿಸಿ ಕೊನೆಗೆ ಮೊಮ್ಮಗಳ ಮುಂದೆ ನಿಂತಾಗ ತಾನೇ ಮೊದಲು ಬಾಯಿಬಿಟ್ಟಳು. "ಕೇಳು ಇನ್ಸ್‌ಪೆಕ್ಟರ್. ಮೂರೂ ಕೇಳು."

ಹುಡುಗಿ ಗೆಳತಿಯರನ್ನು ಒಮ್ಮೆ ನೋಡಿ ನಕ್ಕಳು. ಆದರೂ ಕೇಳಿದಳು. "ಇದ್ರಲ್ಲಿ ಏನೇನಿದೆ?"

"ಹಾಲು, ಸಕ್ಕರೆ, ಕಸ್ಟರ್ಡ್ ಪುಡಿ. ಪುಡಿ ಡಬ್ಬಿಯ ಅಕ್ಷರ ನಾನೇ ಕನ್ನಡಕ ಹಾಕ್ಕೊಂಡು ಓದಿದೀನಿ. ಸೇಬು, ಬಾಳೆಹಣ್ಣು, ದ್ರಾಕ್ಷಿ."

"ಏನೇನು ತಾಗಿದೆ?"

"ಮೊದಲು ಕಡಲೆಕಾಯಿ ಎಣ್ಣೆ ತಾಗಿತ್ತು, ನನ್ನಿಂದ. ಈಗ ಸೋಪು, ನೀರು, ನಿಮ್ಮಮ್ಮನ ಕೈ, ನನ್ನ ಕೈ. ಬೇರೇನಿಲ್ಲ."

"ಯಾವುದ್ರಲ್ಲಿ ತೊಳೆದಿದ್ದು?"

"ಹೊಸ ಸ್ಪಾಂಜು, ಹೊಸ ಬ್ರಶ್ಶು. ನಿಮ್ಮಪ್ಪ ಓಡಿ ತಂದದ್ದು, ಇನ್ನೂ ಏದುಸಿರು ಬಿಡ್ತಿದ್ದಾನೆ ನೋಡು."

ಹುಡುಗಿ ತನ್ನ ಜೇನುಬಣ್ಣದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು. ಅಜ್ಜಿ ಒಂದು ಸೌಟು ತುಂಬಿ ಹಾಕಿದಳು. ಹುಡುಗಿ ಬಟ್ಟಲನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಇನ್ನೊಂದು ಹಾಕು ಅಜ್ಜಿ," ಅಂದಳು.